ನಟಿಯ ಎಣ್ಣೆ, ಬೀದಿ ಕಡೆಯ ಕೋಣೆ

ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ತುರುವೇಕೆರೆ ಪಕ್ಕದ ನಮ್ಮೂರಿಗೆ ಮರಳಿದ ವರ್ಷ, ಸಿನಿಮಾ ನಟಿಯೊಬ್ಬರು ತಮ್ಮ ಹೆಸರಿನಲ್ಲೇ ತಲೆಗೆ ಹಚ್ಚುವ ಎಣ್ಣೆಯನ್ನು ಮಾರಾಟಕ್ಕೆ ತಂದರು. ಸೀಸೆಯ ಮೇಲೆ ಉದ್ದ ಜಡೆಯ ಅವರ ಚಿತ್ರ. ಸುತ್ತಿನ ಊರುಗಳಿಗೆ ಅದರ ಏಜೆನ್ಸಿಯನ್ನು ನಮ್ಮ ಚಿಕ್ಕಮ್ಮ ಹಿಡಿದರು. ಅವರಿಗೆ ಬೇಕಾಗಿದ್ದದ್ದು ತಮ್ಮದೇ ಒಂದು ಕೆಲಸ, ಕೂರಲೊಂದು ಜಾಗ. ಅಜ್ಜಿ ಬೀದಿ ಕಡೆಯ ಕೋಣೆ ಬಿಟ್ಟುಕೊಟ್ಟರು. ಮುಂದಿನ ಕೊಯ್ಲಿನ ಹೊತ್ತಿಗೆ ವ್ಯಾಪಾರ ಕುದುರದಿದ್ದರೆ ಎಂದಿನಂತೆ ಅಲ್ಲಿ ತೆಂಗಿನಕಾಯಿ ತುಂಬಿಸುವುದಾಗಿಯೂ ಹೇಳಿದರು.

ಹೆಂಗಸರು ಬಂದರು, ಚಿತ್ರ ನೋಡಿದರು, ಎಣ್ಣೆ ಮೂಸಿದರು, ಅಂಗೈಗೆ ಒಂದೆರಡು ಹನಿ ಹಾಕಿಸಿಕೊಂಡು ಹೋದರು. ಯಾರೂ ಕೊಳ್ಳಲಿಲ್ಲ. ನಾನು ಲೇಬಲ್ ಓದಿ ಹೇಳುತ್ತಿದ್ದೆ: ತಿಪಟೂರಿನ ಆಯ್ದ ಉಂಡೆ ಕೊಬ್ಬರಿಯಿಂದ ತಯಾರಿಸಿದ್ದು.

ಎದುರು ಮನೆಯಾಕೆ ನಕ್ಕುಬಿಟ್ಟರು. "ಉಂಡೆ ಕೊಬ್ಬರಿನ ಯಾರಾದ್ರೂ ಗಾಣಕ್ಕೆ ಹಾಕ್ತಾರೇನೇ? ವರ್ಸಗಟ್ಲೆ ಅಟ್ಟದ ಮ್ಯಾಲೆ ಕಾದು, ಅದನ್ನ ಹಿಂಡಿ ತಲೆಗೆ ಬಳ್ಕೊಂಡ್ರೆ ನಮ್ಮತ್ತೆ ಮನೆಯಿಂದ್ಲೇ ಓಡಿಸ್ತಾಳೆ ಕಣೇ!"

ಇಡಿಯಾಗಿ ಒಣಗಿದ ಉಂಡೆ ಕೊಬ್ಬರಿ ಸಂತೆಗೆ, ಸಿಹಿ ತಿಂಡಿಗೆ. ಒಡೆದದ್ದು, ಕೆಟ್ಟು ಕೌಟು ಹಿಡಿದದ್ದು ಮಾತ್ರ ಗಾಣಕ್ಕೆ. ಇದು ಚಿಕ್ಕಮ್ಮನಿಗೂ ನನಗೂ ಚಿಕ್ಕಂದಿನಿಂದ ಗೊತ್ತಿತ್ತು. ಅಚ್ಚಾದ ಅಕ್ಷರದಲ್ಲಿ ಓದಿದಾಗ ಹೊಳೆದಿರಲಿಲ್ಲ.

ಕಂಪನಿಯವನು ಹೊಸ ಮಾಲು ತಂದಾಗ ಲೇಬಲ್ಲಿನ ಮಾತು ನಿಜವೇ ಎಂದು ಚಿಕ್ಕಮ್ಮ ನೇರವಾಗಿ ಕೇಳಿದರು.

"ಅದು ಬೆಂಗಳೂರ್ನೋರು ಓದ್ಲಿ ಅಂತ ಬರ್ಸಿರೋದು ಕಣಮ್ಮ," ಅಂದ ಅವನು. "ಹಾಕೋದೆಲ್ಲ ಕೌಟೇ."

"ಹಂಗಾದ್ರೆ ನಾನಿಲ್ಲಿ ಸುಳ್ಳು ಹೇಳ್ಕಂಡು ಕೂತಿರ್ಲಾ? ತಗಂಡೋಗಿ."

ಇದ್ದಷ್ಟೂ ಸೀಸೆಗಳನ್ನು ಅವನ ಜೊತೆಯಲ್ಲೇ ತಿಪಟೂರಿನ ಬಸ್ಸಿಗೆ ಹೇರಿಸಿದರು. ಕೋಣೆ ಖಾಲಿಯಾಯಿತು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು.

ಮಾರನೆಯ ವಾರ ನಮ್ಮದೇ ಕೌಟು ಕೊಬ್ಬರಿ ಗಾಣಕ್ಕೆ ಹೋಗಿ, ಒಂದು ಡಬ್ಬ ಎಣ್ಣೆಯಾಗಿ ಅದೇ ಕೋಣೆಗೆ ಬಂತು. ಎದುರು ಮನೆಯಾಕೆ ತಮ್ಮ ಸೀಸೆ ಹಿಡಿದು ಬಂದರು.

"ಇದ್ರ ಮ್ಯಾಲೆ ಯಾರ ಮಕ ಅಂಟಿಸ್ತೀಯೇ?"

"ನಿಂದೇ ಅಂಟಿಸ್ತೀನಿ," ಅಂದರು ಚಿಕ್ಕಮ್ಮ. "ಇರೋ ಗಿರಾಕಿನೂ ಓಡೋಗ್ಲಿ."

ಕೊಯ್ಲಿನ ಗಾಡಿ ಬಂದ ದಿನ ಬಾಗಿಲಲ್ಲಿ ಮೂವರು ಹೆಂಗಸರು ಸೀಸೆ ಹಿಡಿದು ನಿಂತಿದ್ದರು. ಅಜ್ಜಿ ಅವರನ್ನು ದಾಟಿ ಒಳಗೆ ಬಂದು, ಡಬ್ಬವನ್ನು ಕಾಲಿನಿಂದ ಕಿಟಕಿಯ ಕಡೆಗೆ ಸರಿಸಿದರು. ಆಳುಗಳಿಗೆ ಎದುರು ಗೋಡೆ ತೋರಿಸಿ, ಅರ್ಧ ಕೋಣೆಗಷ್ಟೇ ಕಾಯಿ ಸುರಿಯಲು ಹೇಳಿದರು.