ಕುಟುಕಿಗೆ ಒಗ್ಗಿದವರು

ಮೀನು ಪ್ರದರ್ಶನಾಲಯದ ಮೇಲ್ವಿಚಾರಕರು ಉಳಿದ ತೊಟ್ಟಿಗಳನ್ನೆಲ್ಲ ಒಂದೇ ಉಸಿರಿನಲ್ಲಿ ತೋರಿಸಿ, ಕೋಡಂಗಿ ಮೀನಿನ ಮುಂದೆ ಮಾತ್ರ ನಿಂತುಬಿಡುತ್ತಿದ್ದರು. “ಮೀನಿನ ಸುತ್ತ ಇರೋದು ಹೂವಲ್ಲ, ಕಡಲಹೂ ಅನ್ನೋ ಪ್ರಾಣಿ. ಬೇರೆ ಮೀನು ಮುಟ್ಟಿದರೆ ಕುಟುಕಿ ಕೊಲ್ಲುತ್ತೆ. ಈ ಪಟ್ಟೆ ಮೀನು ಸ್ವಲ್ಪಸ್ವಲ್ಪವೇ ಮೈ ತಾಗಿಸಿ, ಒಗ್ಗಿಸಿಕೊಂಡು, ಅಲ್ಲೇ ಸಂಸಾರ ಹೂಡಿದೆ. ಕಡಲಹೂವನ್ನ ತಿನ್ನೋಕೆ ಬಂದವರನ್ನ ಅಟ್ಟುತ್ತೆ ಕೂಡ.” “ಥೇಟ್ ನೀವೂ ನಮ್ಮ ಅತ್ತಿಗೇನೂ!” ಎಂದು ಟಿಕೆಟ್ ಹರಿಯುವವನು ಛೇಡಿಸಿದರೆ, “ಅವಳ ಬೈಗುಳ ಕೇಳದಿದ್ದರೆ ನನಗೆ ಊಟ ಸೇರಲ್ಲ ಕಣಯ್ಯ” ಎಂದು ಬೀಗುತ್ತಿದ್ದರು. ಹೆಂಡತಿಯ ಆ ಬಾಯಿಗೆ ಹಾಲಿನವನಿಂದ ಮನೆ ಮಾಲೀಕನವರೆಗೆ ಎಲ್ಲರೂ ಹೆದರುತ್ತಿದ್ದರು. ಪಾರ್ಶ್ವವಾಯು ಬಡಿದು ಈಗ ಅವಳ ಮಾತು ನಿಂತಿದೆ. ಮರಳಿದರೂ ಮರಳಬಹುದು ಎಂದಿದ್ದಾರೆ ಡಾಕ್ಟರು. ಸಂಜೆ ಮೇಲ್ವಿಚಾರಕರು ನೇರ ಮನೆಗೆ ಹೋಗಿ, ನೆಲ ಒರೆಸಿ, ಒದ್ದೆ ಆರುವ ಮೊದಲೇ ಅದರ ಮೇಲೆ ಚಪ್ಪಲಿ ಮೆಟ್ಟಿ ನಡೆದು, ಅವಳ ಮಂಚದ ಎದುರು ನಿಂತು ಕಾಯುತ್ತಾರೆ.