ದವಡೆಗಿಟ್ಟ ತಂಬೂರಿ

ಮಗು ಬೆನ್ನು ಹಾಕಿ ಕೂತಿರುವಾಗಲೇ ಹಿಂದಿನಿಂದ ಹಿತ್ತಾಳೆ ಚೊಂಬನ್ನು ಬೀಳಿಸಬೇಕು. ಎದುರಿಗಿದ್ದರೆ ಅದು ಪರೀಕ್ಷೆಯೇ ಅಲ್ಲ. ಚನ್ನಮಲ್ಲಮ್ಮ ದಿನವೂ ಅತ್ತೆ ಪೂಜೆಗೆ ಕೂತ ಹೊತ್ತು ನೋಡಿ ಈ ಕೆಲಸ ಮಾಡುತ್ತಿದ್ದಳು. ಚೊಂಬು ಚಪ್ಪಡಿಯ ಮೇಲೆ ಠಣ್ಣೆಂದು ಬಿದ್ದು ಮೂರು ಸುತ್ತು ಉರುಳುತ್ತಿತ್ತು. ಹಿತ್ತಿಲಲ್ಲಿ ಕಟ್ಟಿದ ಎಮ್ಮೆ ಕೂಡ ಕಿವಿ ನಿಮಿರಿಸುತ್ತಿತ್ತು. ಎರಡು ವರ್ಷ ಎರಡು ತಿಂಗಳಿನ ನೀಲಾ ಮಾತ್ರ ಕಡಲೆಕಾಯಿ ಸಿಪ್ಪೆಗಳನ್ನು ಒಂದರೊಳಗೊಂದು ತೂರಿಸುತ್ತ ಕೂತೇ ಇರುತ್ತಿದ್ದಳು. ಯಾವಾಗಲೋ ಒಂದು ದಿನ ತಿರುಗಿಬಿಡುತ್ತಿದ್ದಳು. ಆಗ ತಾಯಿಯ ಎದೆ ಅರಳುತ್ತಿತ್ತು. ಮರುಗಳಿಗೆಗೇ ನೆಲ ಅದುರಿದ್ದಕ್ಕೆ ತಿರುಗಿದಳೋ, ಸೀರೆಯ ನೆರಳು ಕಂಡು ತಿರುಗಿದಳೋ ಎಂದು ಅನುಮಾನ ಹತ್ತಿ, ಮತ್ತೆ ಬೀಳಿಸುತ್ತಿದ್ದಳು. ಚೊಂಬಿನ ಹೊಟ್ಟೆ ನಾಕು ಕಡೆ ನೆಗ್ಗಿಹೋಗಿತ್ತು.

ಬೆಂಗಳೂರಿನಲ್ಲಿ ಹೈಸ್ಕೂಲು ಮುಗಿಸಿ, ಮಧುಗಿರಿಯ ಕಡಲೆಕಾಯಿ ಮಂಡಿಯವರ ಮನೆಗೆ ಸೊಸೆಯಾಗಿ ಬಂದವಳು ಅವಳು. ಅತ್ತೆ ಕರಿಬಸಮ್ಮನ ಪ್ರಕಾರ ಸೊಸೆಗೆ ಹಿಡಿದಿದ್ದ ರೋಗ ಒಂದೇ, ಓದು. ಓದಿದವರಿಗೆ ಚಿಂತೆ ಮಾಡಲು ಏನಾದರೂ ಒಂದು ಬೇಕು. "ನಮ್ಮ ವೃಷಭೇಂದ್ರ ಬಾಯಿ ಬಿಟ್ಟಿದ್ದೇ ಮೂರು ತುಂಬಿದ ಮೇಲೆ. ಈಗ ಮಂಡೀಲಿ ಅವನ ಬಾಯಿ ಮುಚ್ಚಿಸೋಕೆ ಯಾರಿಂದಾಗುತ್ತೆ ಹೇಳು?" ಎಂದು ಆಕೆ ಕೇಳಿದರೆ ಚನ್ನಮಲ್ಲಮ್ಮನ ಗಂಡ ವೃಷಭೇಂದ್ರಪ್ಪ ನಕ್ಕು ಪೇಟ ಸುತ್ತಿಕೊಂಡು ಹೊರಟುಬಿಡುತ್ತಿದ್ದ.

ಶಾಲೆಯ ಗೆಳತಿಯ ಅಣ್ಣ ಮಲ್ಲಿಕಾರ್ಜುನಯ್ಯ ಬೆಂಗಳೂರಿನಲ್ಲಿ ಕಿವಿಯ ಡಾಕ್ಟರು. ಗೆಳತಿಯ ಕೈಲಿ ಕಾಗದ ಬರೆಸಿ ವಿಚಾರಿಸಿದ್ದಕ್ಕೆ, ಮಗುವನ್ನು ತಡಮಾಡದೆ ತೋರಿಸಬೇಕು, ಕೇಳಿಸದಿದ್ದರೂ ಮಾತು ಕಲಿಸುವ ದಾರಿಗಳಿವೆ, ಆದರೆ ಬೇಗ ಶುರುಮಾಡಬೇಕು, ಹೊರಡುವ ಮೊದಲು ಟೆಲಿಫೋನು ಮಾಡಲಿ ಎಂದು ನಂಬರು ಕೊಟ್ಟಿದ್ದರು. ನಂಬರು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯಲ್ಲಿತ್ತು. ಚನ್ನಮಲ್ಲಮ್ಮ ಎರಡು ಸಲ ಅಂಚೆ ಕಚೇರಿಯ ತನಕ ಹೋಗಿ, ಎರಡು ಸಲವೂ ಒಂದೊಂದು ಕಾರ್ಡು ಕೊಂಡು ವಾಪಸು ಬಂದಿದ್ದಳು. ಫೋನಿನಲ್ಲಿ ಹೇಳಬೇಕಾದ್ದು ಒಂದೇ ಒಂದು ಮಾತು. ಅದನ್ನು ಹೇಳದಿರುವ ತನಕ ಅದು ಸುಳ್ಳಾಗುವುದಕ್ಕೂ ಜಾಗವಿರುತ್ತದೆ ಎಂದು ಅವಳ ಮನಸ್ಸು.

ಯುದ್ಧ ಮುಗಿದ ಮರುವರ್ಷದ ಶ್ರಾವಣ. ಸೋಮವಾರ ಬೆಳಿಗ್ಗೆ ಕಾಟಪ್ಪ ಬಂದು ಜಗಲಿಯ ಮೇಲೆ ಕೂತ.

ಕಾಟಪ್ಪನನ್ನು ಅರಿಯದವರು ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಸಿದ್ದರಬೆಟ್ಟದ ಬುಡದ ಹಳ್ಳಿಯವನು. ಪ್ರಾಯದಲ್ಲಿ ಕಲ್ಲು ಒಡೆಯುವ ಕೂಲಿ. ಪಾವಗಡದ ಕಡೆ ರಸ್ತೆ ಮಾಡುವಾಗ ಬಂಡೆಗೆ ಕುಳಿ ಹೊಡೆದು ಸಿಡಿಮದ್ದು ಇಡುತ್ತಿದ್ದ. ಹಗಲು ಮದ್ದು, ಸಂಜೆ ತಂಬೂರಿ, ತತ್ವಪದ. ಆಮೇಲೆ ಕಲ್ಲು ಬಿಟ್ಟು ತಂಬೂರಿಯನ್ನೇ ಹಿಡಿದ. ಆಗಿನಿಂದ ಅವನ ಹಾಡಿಕೆಯ ರೀತಿಯೇ ಬದಲಾಯಿತು. ಮಿಕ್ಕವರು ತಂಬೂರಿಯನ್ನು ತೊಡೆಯ ಮೇಲಿಟ್ಟರೆ ಇವನು ಅದನ್ನು ಎತ್ತಿ, ಅದರ ಬುಡದ ಸೋರೆಬುರುಡೆಯನ್ನು ದವಡೆಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದ. ಸ್ವರವನ್ನು ನೇರ ಹಿಡಿಯದೆ ಕೆಳಗಿನಿಂದ ಎಳೆದು, ಜಾರಿಸಿ, ತಡಕಿ, ಕೊನೆಗೆ ಒಂದು ಕಡೆ ನಿಲ್ಲಿಸುತ್ತಿದ್ದ. ನಿಂತಾಗ ಕೇಳುವವರ ಮೈ ಜುಮ್ಮೆನ್ನುತ್ತಿತ್ತು. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಮಾತಿಲ್ಲ, ಯಾರು ಕರೆದರೂ ಓಗೊಡುವುದಿಲ್ಲ. ಸಿದ್ಧರ ಕೃಪೆಯಾಗಿದೆ ಎಂದರು ಜನ. ಕಲಿಯಲು ಬಂದವರೂ ಹಾಗೇ ಕಲಿತರು. ಶಿರಾದ ತಾವರೆಕೆರೆಯಲ್ಲಿ, ಗೌಡಗೆರೆಯಲ್ಲಿ, ತೆಲುಗಿನಲ್ಲಿ ಹಾಡುವ ಪಾವಗಡದ ಹಳ್ಳಿಗಳಲ್ಲಿ ಕೂಡ ತಂಬೂರಿ ಹಿಡಿದವನೆಂದರೆ ದವಡೆಗೆ ಒತ್ತಿಕೊಂಡವನೇ. ಒತ್ತಿ ಒತ್ತಿ ದವಡೆಯಲ್ಲಿ ಒಂದು ಕಪ್ಪು ಕಲೆ ಕಟ್ಟುತ್ತಿತ್ತು. ಅದಕ್ಕೆ ಗುರುಮುದ್ರೆ ಎಂದು ಹೆಸರು. ಮುದ್ರೆ ಇಲ್ಲದವನ ಹಾಡಿಗೆ ಜನ ಕೂರುತ್ತಿರಲಿಲ್ಲ.

ಆ ಸೋಮವಾರ ಕಾಟಪ್ಪ ಹಾಡು ಎತ್ತಿದ. ಒಳಗಿದ್ದ ನೀಲಾ ತಟತಟ ಹೆಜ್ಜೆಯಿಟ್ಟು ಬಂದು ಮುದುಕನ ಮೀಸೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅವನು ಮಾಡಿದ ಹಾಗೆ ಮಾಡುವವಳಂತೆ ಬುರುಡೆಯ ಇನ್ನೊಂದು ಬದಿಗೆ ತನ್ನ ಕೆನ್ನೆ ಇಟ್ಟಳು. ಇಟ್ಟವಳೇ ಬಾಯಿ ತೆರೆದು ಕೇಕೆ ಹಾಕಿ ನಕ್ಕಳು. ತಂತಿ ನಿಂತರೆ ಅವನ ಕೈಯನ್ನು ಹಿಡಿದು ತಂತಿಯ ಮೇಲೆ ಇಟ್ಟಳು. ಮೀಟಿದರೆ ಮತ್ತೆ ನಗು.

ಕರಿಬಸಮ್ಮ ಹೊಸಿಲಲ್ಲಿ ನಿಂತು, ಮಗುವಿಗೆ ಕಿವಿಯಿಲ್ಲ ಎಂದು ಶಾಪ ಹಾಕುತ್ತಿದ್ದವರು ಈಗ ಬಂದು ನೋಡಲಿ ಎಂದರು. ಅದು ಯಾರಿಗೆ ಹೇಳಿದ್ದೆಂದು ಮನೆಗೆಲ್ಲ ಗೊತ್ತು. ಕಾಟಪ್ಪನಿಗೆ ಎರಡು ಸೇರು ರಾಗಿಯ ಜಾಗದಲ್ಲಿ ನಾಲ್ಕು ಸೇರು ಬಿತ್ತು. ಚನ್ನಮಲ್ಲಮ್ಮ ಅತ್ತೆಯ ಮಾತಿಗೆ ಬೇಸರಪಡಲಿಲ್ಲ, ಕಣ್ಣೊರೆಸಿಕೊಂಡು ಮಗುವನ್ನು ಎತ್ತಿ ಮುದ್ದಾಡಿದಳು. ಆವತ್ತಿನಿಂದ ಹದಿನೆಂಟು ದಿನ ಚೊಂಬು ಬೀಳಲಿಲ್ಲ. ಊಟ ರುಚಿಸಿತು, ನಿದ್ದೆ ಬಂತು.

ಹತ್ತೊಂಬತ್ತನೆಯ ದಿನ ಮತ್ತೆ ಬಿತ್ತು. ಯಾಕೆ ಬೀಳಿಸಿದಳೋ ಅವಳಿಗೇ ತಿಳಿಯದು. ನೀಲಾ ತಿರುಗಲಿಲ್ಲ.

ಹಿತ್ತಿಲ ಬಾಗಿಲಲ್ಲಿ ಕಡಲೆಕಾಯಿ ಸುಲಿಯಲು ಬಂದಿದ್ದ ಮುದ್ದಕ್ಕ ನಿಂತಿದ್ದಳು. ಕಾಟಪ್ಪನ ಮಗಳು, ಐವತ್ತು ದಾಟಿದ ಹೆಂಗಸು. ಎಷ್ಟು ದಿನದಿಂದ ಇದನ್ನು ನೋಡಿದ್ದಳೋ. ಬಂದು ಚೊಂಬನ್ನು ಎತ್ತಿ, ಸೆರಗಿನಿಂದ ಒರೆಸಿ, ಚನ್ನಮಲ್ಲಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ನಾನೂ ಇಂಗೇ ತಟ್ಟೆ ಬೀಳಿಸ್ತಿದ್ದೆ ಕಣಮ್ಮಣ್ಣಿ. ನಮ್ಮಪ್ಪನ ಬೆನ್ನ ಹಿಂದೆ."

ಚನ್ನಮಲ್ಲಮ್ಮನಿಗೆ ಮೊದಲು ಅರ್ಥವಾಗಲಿಲ್ಲ.

"ಬಂಡೆ ಮದ್ದು ನಮ್ಮಪ್ಪನ ಕಿವಿ ತಿಂದ್ಬುಡ್ತು. ನಾನು ಆಗ ಹದಿನೈದರ ಹುಡುಗಿ. ಒಂದು ಚೂರೂ ಕೇಳ್ಸಾಕಿಲ್ಲ. ಬುರುಡೆ ದವಡೆಗಿಟ್ರೆ ಮೂಳೆಗೆ ಅದುರು ಹತ್ತತದಂತೆ. ಸ್ವರ ತಪ್ಪಿದ್ರೆ ಮೂಳೆ ಗಡಗಡ ಅಂತದೆ, ಸರಿಹೋದ್ರೆ ಸುಮ್ಕಾಯ್ತದೆ. ಅದ್ಕೇ ಅಂಗೆ ಜಾರಿಸಿ ಜಾರಿಸಿ ತಡಕೋದು."

"ಹಾಗಾದರೆ ಆ ಶಿಷ್ಯರೆಲ್ಲ?"

ಮುದ್ದಕ್ಕನಿಗೆ ನಗು ಬಂತು. "ಅಡವಯ್ಯ ಅಂತ ಒಬ್ಬವ್ನೆ, ತಾವರೆಕೆರೆಯೋನು. ಮೂರು ಮೈಲಿ ಆಚೆ ಊಟದೆಲೆ ಹಾಕಿದ್ರೆ ಕೇಳ್ತದೆ ಅವನ ಕಿವೀಗೆ. ಅವನೂ ದವಡೆಗೆ ಒತ್ಕಂಡು ಮುದ್ರೆ ಮಾಡ್ಕಂಡವ್ನೆ. ಮುದ್ರೆ ಬೇಗ ಬರ್ಲಿ ಅಂತ ಮಸಿ ಹಚ್ಕಂಡಿದ್ದ ಕಳ್ಳ."

ಚನ್ನಮಲ್ಲಮ್ಮ ನಗಲಿಲ್ಲ. ಅವಳ ಕಣ್ಣು ಮಗುವಿನ ಮೇಲಿತ್ತು. ಬುರುಡೆಗೆ ಕೆನ್ನೆಯಿಟ್ಟು ನಕ್ಕಿದ್ದು ಕೇಳಿಸಿದ್ದಕ್ಕಲ್ಲ, ಅದುರಿದ್ದಕ್ಕೆ. ಆ ಹದಿನೆಂಟು ದಿನದ ನೆಮ್ಮದಿ ಒಂದು ಮಾತಿಗೆ ಮುಗಿಯಿತು.

ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ನಾಚಿಕೆ, ಎಂದಳು ಮುದ್ದಕ್ಕ. ಕಿವುಡನ ಹಾಡು ಯಾರು ಕೇಳುತ್ತಾರೆ ಎಂಬ ಹೆದರಿಕೆ. ಮಗಳಿಗೂ ಆಣೆ ಹಾಕಿಸಿದ್ದ. ಆಮೇಲೆ ಬೋರಪ್ಪನ ಕತೆ ಹೇಳಿದಳು. ಬೋರಪ್ಪ ಕಾಟಪ್ಪನ ಅಣ್ಣ. ಹೊಲದ ಬದುವಿನ ಜಗಳದಲ್ಲಿ ಮಾತು ಬಿಟ್ಟು ಪಾವಗಡದ ಕಡೆ ಹೋಗಿ ನೆಲೆಯಾಗಿದ್ದವನು. ಹನ್ನೊಂದು ವರ್ಷವಾದ ಮೇಲೆ ಮನಸ್ಸು ಕರಗಿ, ನಡೆದುಕೊಂಡೇ ತಮ್ಮನ ಊರಿಗೆ ಬಂದ. ತಮ್ಮ ಗೋಡೆಯ ಕಡೆ ಮುಖ ಮಾಡಿ ಹುರಿ ಹೊಸೆಯುತ್ತಿದ್ದ. ಅಣ್ಣ ಬಾಗಿಲಲ್ಲಿ ನಿಂತು, ತಮ್ಮಾ ಎಂದು ಮೂರು ಸಲ ಕರೆದ. ಎದುರು ಮನೆಯವಳು ಕಣ್ಣಾರೆ ಕಂಡಿದ್ದಾಳೆ. ಕಾಟಪ್ಪ ತಿರುಗಲಿಲ್ಲ. ಬೋರಪ್ಪ ತಂದಿದ್ದ ಬೆಲ್ಲದ ಗಂಟನ್ನು ಹೊಸಿಲಮೇಲೆ ಇಟ್ಟು, ಬಂದ ದಾರಿ ಹಿಡಿದ. ಕಾಟಪ್ಪನಿಗೆ ಅದು ತಿಳಿಯುವ ಹೊತ್ತಿಗೆ ಅವನ ಅಣ್ಣ ಮಣ್ಣಾಗಿ ಒಂದು ತಿಂಗಳಾಗಿತ್ತು.

"ಆಗ ನಮ್ಮಪ್ಪ ಎಲ್ಲರ ಮುಂದೂ ಹೇಳ್ಬುಟ್ಟ. ಸಿದ್ದರಬೆಟ್ಟದಲ್ಲಿ ಶಿಷ್ಯರನ್ನೆಲ್ಲ ಕೂರಿಸ್ಕಂಡು, ನಂಗೆ ಕಿವಿ ಕೇಳ್ಸಾಕಿಲ್ಲ ಕಣ್ರಪ್ಪಾ, ಮದ್ದಿನ ಕೆಲಸದಾಗೆ ಹೋಯ್ತು ಅಂದ. ಒಬ್ಬನಾದ್ರೂ ನಂಬಿದ್ನಾ? ಗುರುಗಳು ನಮ್ಮ ಭಕ್ತೀನ ಪರೀಕ್ಷೆ ಮಾಡ್ತಾವ್ರೆ ಅಂತ ಕಾಲಿಗೆ ಬಿದ್ರು. ಹೇಳೋ ಹೊತ್ತಿನಾಗೆ ಹೇಳ್ಬೇಕು ಕಣಮ್ಮಣ್ಣಿ."

ಮುದ್ದಕ್ಕ ಎದ್ದು ಹೋಗಿ ಮೊರದ ಮುಂದೆ ಕೂತಳು. ಚನ್ನಮಲ್ಲಮ್ಮ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಆ ಮುದುಕನಿಗಾದರೂ ಮಾತು ಕಲಿತಾದ ಮೇಲೆ ಕಿವಿ ಹೋದದ್ದು. ನೀಲಾಳ ಬಾಯಲ್ಲಿ ಇನ್ನೂ ಅವ್ವ ಎಂಬುದೂ ಇಲ್ಲ. ತಾನು ಮುಚ್ಚಿಟ್ಟಷ್ಟು ದಿನವೂ ಮಗುವಿನ ಬದುಕಿನಿಂದಲೇ ಹೋಗುತ್ತಿದ್ದ ದಿನ.

ಮಧ್ಯಾಹ್ನ ಬಡಿಸುತ್ತ ಗಂಡನಿಗೂ ಅತ್ತೆಗೂ ಒಟ್ಟಿಗೆ ಹೇಳಿದಳು. ಕಾಟಪ್ಪನ ಕಿವಿಯ ವಿಷಯ ಕೇಳಿ ಕರಿಬಸಮ್ಮ, ಮುದ್ದಕ್ಕನಿಗೆ ತಲೆ ಕೆಟ್ಟಿದೆ ಎಂದರು. ಮಗುವಿನ ವಿಷಯಕ್ಕೆ ಬಂದಾಗ ಮಾತ್ರ ಆಕೆಯ ದನಿ ಇಳಿಯಿತು. "ಹೆಣ್ಣುಮಗು ಕಣೇ ಚನ್ನಮ್ಮ. ಒಂದು ಸಲ ಊರ ಬಾಯಿಗೆ ಬಿದ್ದರೆ ನಾಳೆ ಅದರ ಮದುವೆ ಹೆಂಗೆ?" ಆಕೆಗೂ ಮೊದಲಿನಿಂದಲೇ ಗೊತ್ತಿತ್ತು ಎಂಬುದು ಚನ್ನಮಲ್ಲಮ್ಮನಿಗೆ ಆಗ ತಿಳಿಯಿತು. ಅತ್ತೆಯ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ವೃಷಭೇಂದ್ರಪ್ಪ ಅನ್ನ ಕಲೆಸುತ್ತ, ಇನ್ನೊಂದು ವರ್ಷ ನೋಡೋಣ ಎಂದ.

"ನೋಡುವುದನ್ನು ನಾನು ಎರಡು ವರ್ಷ ನೋಡಿದ್ದೇನೆ," ಎಂದಳು. "ನೀವು ಬಂದರೆ ಮೂರು ಟಿಕೆಟ್ಟು, ಬರದಿದ್ದರೆ ನಾನು, ಮಗು. ಫೋನಂತೂ ಇವತ್ತೇ ಮಾಡುವವಳು." ಸೌಟು ಎತ್ತಿ ಅವನ ಅನ್ನಕ್ಕೆ ಇನ್ನಷ್ಟು ಸಾರು ಬಡಿಸಿದಳು.

ಮೂರು ಗಂಟೆಗೆ ಮಗುವನ್ನು ಸೊಂಟಕ್ಕೇರಿಸಿ ಅಂಚೆ ಕಚೇರಿಗೆ ಹೋದಳು. ಪೋಸ್ಟ್ ಮಾಸ್ಟರ್ ಬಸವಲಿಂಗಯ್ಯ, ಕಾರ್ಡು ಬೇಕೇನಮ್ಮಾ ಎಂದು ಡ್ರಾಯರು ಎಳೆದರು. ಬೆಂಗಳೂರಿಗೆ ಟ್ರಂಕ್ ಕಾಲ್ ಎಂದಳು. ತುಮಕೂರಿನ ಮೂಲಕ ಲೈನು ಸಿಗುವುದಕ್ಕೆ ಒಂದೂಕಾಲು ಗಂಟೆಯಾಯಿತು. ಅಷ್ಟರಲ್ಲಿ ಕಚೇರಿ ತುಂಬಿತು. ಟಪಾಲಿಗೆ ಕಾದವರು, ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತುವವರು, ಅತ್ತೆಗೆ ದಿನವೂ ಗುಡಿಯಲ್ಲಿ ಸಿಗುವ ಪಕ್ಕದ ಬೀದಿಯ ಪರ್ವತಯ್ಯನವರು. ಮನೆಗೆ ಹೋಗಿ ನಾಳೆ ಬರಬಹುದಿತ್ತು. ಅವಳು ಬೆಂಚಿನಿಂದ ಏಳಲಿಲ್ಲ.

ಫೋನಿನ ಗಂಟೆ ಬಡಿಯಿತು. ರಿಸೀವರನ್ನು ಎರಡು ಕೈಯಲ್ಲಿ ಹಿಡಿದು ಹೆಸರು ಹೇಳಿದಳು, ಗೆಳತಿಯ ಹೆಸರು ಹೇಳಿದಳು. ಆ ಕಡೆ ಗರಗರ ಸದ್ದಿನ ನಡುವೆ ಡಾಕ್ಟರು, ಮಗುವಿಗೆ ಏನು ತೊಂದರೆ ಎಂದು ಕೇಳಿದರು.

"ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ."

"ಏನಂದಿರಿ? ಲೈನು ಸರಿಯಿಲ್ಲ, ಸ್ವಲ್ಪ ಜೋರಾಗಿ ಹೇಳಿ ತಾಯಿ."

ಹಿಂದೆ ಮೊಹರು ಕುಟ್ಟುತ್ತಿದ್ದ ಕೈ ನಿಂತಿತು. ಪರ್ವತಯ್ಯನವರು ಕನ್ನಡಕ ಸರಿಮಾಡಿಕೊಂಡು ಇತ್ತ ನೋಡಿದರು. ಚನ್ನಮಲ್ಲಮ್ಮ ಮಗುವನ್ನು ಸೊಂಟದ ಮೇಲೆ ಇನ್ನಷ್ಟು ಎತ್ತಿಕೊಂಡಳು, ಉಸಿರು ತುಂಬಿಕೊಂಡಳು, ಬೀದಿಗೂ ಕೇಳಿಸುವಷ್ಟು ಜೋರಾಗಿ ಅದನ್ನೇ ಇನ್ನೊಮ್ಮೆ ಹೇಳಿದಳು.

"ಯಾವತ್ತು ಕರೆದುಕೊಂಡು ಬರಲಿ, ಅದನ್ನು ಹೇಳಿ ಡಾಕ್ಟರೇ," ಎಂದಳು.