ತಿರುಗಿ ಬಂದ ರೊಟ್ಟಿ

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಮಾತು ಜೋಡಿಸುವುದೂ ನನಗೆ ಸರಿಯಾಗಿ ಬರುವುದಿಲ್ಲ. ನಿಜಾಮನ ಕಾಲದಲ್ಲಿ ಶಾಲೆಗೆ ಹೋಗಿ, ಬಲಗಡೆಯಿಂದ ಎಡಗಡೆಗೆ ಉರ್ದು ಬರೆದು ರೂಢಿಯಾದ ಕೈ ಇದು. ಕನ್ನಡ ಅಕ್ಷರಗಳನ್ನು ನನ್ನ ಅಣ್ಣ ರಜೆಗೆ ಬಂದಾಗ ಕುರಿಹಟ್ಟಿಯ ನೆಲದ ಮೇಲೆ ಕಡ್ಡಿಯಿಂದ ಬರೆದು ಕಲಿಸಿದ. ಆದ್ದರಿಂದ ನನ್ನ ಸಾಲುಗಳು ಎಡಕ್ಕೆ ವಾಲುತ್ತವೆ. ಒಂದೊಂದು ವಾಕ್ಯವನ್ನೂ ಮೊದಲು ಪಾಟಿಯ ಮೇಲೆ ಬರೆದು, ಸರಿ ಅನಿಸಿದ ಮೇಲೆ ಕಾಗದಕ್ಕೆ ಇಳಿಸುತ್ತಿದ್ದೇನೆ.

ಔರಾದದ ವಾಚನಾಲಯದ ಕೈಬರಹದ ಪತ್ರಿಕೆಗೆ, ತಾವು ಬಲ್ಲ ಒಬ್ಬ ಸಾಮಾನ್ಯ ಮನುಷ್ಯನ ಬಗ್ಗೆ ಬರೆದುಕೊಡಿ ಎಂದು ಮಲ್ಲಿಕಾರ್ಜುನಪ್ಪ ಮಾಸ್ತರರು ಎಲ್ಲರನ್ನೂ ಕೇಳಿದ್ದಾರೆ. ನಾನು ಬಲ್ಲವರು ಕಡಿಮೆ. ನನ್ನ ಅಣ್ಣ ಮಡೆಪ್ಪನ ಬಗ್ಗೆ ಬರೆಯುತ್ತೇನೆ. ಅವನು ಇನ್ನೂ ಏನೂ ಆಗಿಲ್ಲ. ಬೀದರದಲ್ಲಿ ಮಾಸ್ತರರ ತರಬೇತಿ ಕಾಲೇಜಿನಲ್ಲಿ ಓದುವ ಹುಡುಗ, ಅಷ್ಟೆ.

ನಾವು ಕುರಿ ಸಾಕುವವರು. ಅಪ್ಪನ ಹೆಸರು ಬಕ್ಕಪ್ಪ, ಅವ್ವ ಸಖುಬಾಯಿ. ಔರಾದಕ್ಕೆ ಒಂದು ಹರದಾರಿ ದೂರದಲ್ಲಿ ನಮ್ಮ ಊರು. ಸ್ವಲ್ಪ ಹೊಲವಿದೆ, ಅದರ ಜೋಳ ವರ್ಷವಿಡೀ ಸಾಲುವುದಿಲ್ಲ. ಅಪ್ಪ ಕಂಬಳಿಗಳನ್ನು ಭಾಲ್ಕಿಯ ಸಂತೆಗೆ ಒಯ್ಯುತ್ತಾನೆ. ಅಲ್ಲಿ ನಮ್ಮ ಸೋದರಮಾವನಿದ್ದಾನೆ. ಅಣ್ಣ ಸಣ್ಣವನಿದ್ದಾಗಿನಿಂದ ಮಾವನ ಮನೆಯಲ್ಲಿದ್ದು ಭಾಲ್ಕಿಯಲ್ಲೇ ಓದಿದ, ಕನ್ನಡವನ್ನೂ ಅಲ್ಲೇ ಕಲಿತ. ಪೋಲೀಸ್ ಆಕ್ಷನ್ ಆಗಿ ನಿಜಾಮನ ರಾಜ್ಯ ಹೋದ ಮೇಲೆ ಶಾಲೆಗಳೆಲ್ಲ ಉರ್ದುವಿನಿಂದ ಕನ್ನಡಕ್ಕೆ ಬಂದವು, ಕನ್ನಡ ಬಲ್ಲ ಮಾಸ್ತರರು ಸಾಲದಾದರು. ಹಾಗಾಗಿ ಅಣ್ಣನಿಗೆ ಬೀದರದಲ್ಲಿ ಸೀಟು ಸಿಕ್ಕಿತು. ಅವನು ಹೊರಟ ದಿನ ಅಪ್ಪ ಒಂದು ಹೊಸ ಕಂಬಳಿಯನ್ನು ಅವನ ಹೆಗಲಿಗೆ ಹಾಕಿದ.

"ಕುರಿ ಎಣಸೋ ಮಂದಿ ನಾವು. ನೀ ಹುಡುಗರ್ನ ಎಣಸು. ಕುರಿ ಸುಮ್ಮನ ನಿಂದರ್ತಾವ, ಹುಡುಗರು ನಿಂದರಂಗಿಲ್ಲ, ನೋಡಕೋ," ಎಂದ.

ಅದೇ ಪೋಲೀಸ್ ಆಕ್ಷನ್ ನಂತರ ನಾನು ಶಾಲೆ ಬಿಟ್ಟೆ. ನಮ್ಮ ಶಾಲೆ ಬಹಳ ದಿನ ಮುಚ್ಚಿತ್ತು. ತೆರೆದಾಗ, ಉರ್ದು ಮಾತ್ರ ಬಲ್ಲ ನನ್ನನ್ನು ಒಂದನೆಯ ಇಯತ್ತೆಯ ಪುಟ್ಟ ಮಕ್ಕಳ ಜೊತೆ ಕೂರಿಸಿದರು. ನಾಚಿಕೆಯಾಗಿ ಎದ್ದು ಬಂದೆ. ಮನೆಯಲ್ಲಿ ಮರಿ ನೋಡಿಕೊಳ್ಳಲು ಜನರಿರಲಿಲ್ಲ, ಅದೂ ಒಂದು ನೆಪವಾಯಿತು. ತಾನು ಮನೆಯಲ್ಲಿ ಇಲ್ಲದ್ದರಿಂದಲೇ ತಂಗಿಯ ಶಾಲೆ ನಿಂತಿತು ಎಂದು ಅಣ್ಣ ತಿಳಿದಿದ್ದಾನೆ. ಹಾಗಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ. ಅವನು ನಂಬುವುದಿಲ್ಲ.

ಬೀದರದಲ್ಲಿ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ರಹೀಮುನ್ನಿಸಾ ಎಂಬ ವಿಧವೆಯ ಮನೆಯಲ್ಲಿ ಅವನ ಕೋಣೆ. ಅಣ್ಣ ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಾನೆ. ಪೋಲೀಸ್ ಆಕ್ಷನ್ ನಂತರ ಅವರ ಮನೆಯಲ್ಲಿ ಗಂಡಸರು ಉಳಿದಿಲ್ಲ. ಅದರ ಬಗ್ಗೆ ಅವರು ಮಾತಾಡುವುದಿಲ್ಲ, ಅಣ್ಣನೂ ಕೇಳಿಲ್ಲ. ಅವರು ಹಳೆಯ ಬಟ್ಟೆ ಸೇರಿಸಿ ಕೌದಿ ಹೊಲಿದು ಬದುಕುತ್ತಾರೆ. ಅಣ್ಣನಿಗೆ ಇರುವುದು ಒಂದೇ ಧೋತರ. ಶನಿವಾರ ಅದನ್ನು ಒಗೆದು, ಒಣಗುವವರೆಗೆ ಕಂಬಳಿ ಸುತ್ತಿಕೊಂಡು ಒಳಗೆ ಕುಳಿತು ಓದುತ್ತಾನೆ. ಆ ಹೊತ್ತಿನಲ್ಲಿ ಯಾರಾದರೂ ಕೇಳಿಕೊಂಡು ಬಂದರೆ, "ಮಾಸ್ತರ್ ಸಾಹೇಬರು ತಪಸ್ಸಿಗಿ ಕುಂತಾರ್ರಿ," ಎಂದು ಆಪಾ ಬಾಗಿಲಲ್ಲೇ ಹೇಳಿ ಕಳಿಸುತ್ತಾರಂತೆ. ಚಪ್ಪಲಿ ಸವೆಯಬಾರದೆಂದು ಕೈಯಲ್ಲಿ ಹಿಡಿದು ಹೋಗಿ ಕಾಲೇಜಿನ ಗೇಟಿನಲ್ಲಿ ಮೆಟ್ಟಿಕೊಳ್ಳುತ್ತಾನೆ. ಊರಿಗೆ ಬರಬೇಕಾದರೆ ಬಸ್ಸು ಹತ್ತುವುದಿಲ್ಲ, ನಡೆದೇ ಬರುತ್ತಾನೆ.

ಅನ್ನಕ್ಕೆ ಮಾತ್ರ ಮನೆಯ ಬುತ್ತಿ. ಓದಲು ಹೋದ ನಮ್ಮ ಕಡೆಯ ಹುಡುಗರೆಲ್ಲ ಹೀಗೇ ಇರುತ್ತಾರೆ. ವಾರಕ್ಕೆರಡು ಸಲ ಅವ್ವ ಜೋಳದ ರೊಟ್ಟಿ ಬಡಿದು, ಗರಿಗರಿಯಾಗುವಂತೆ ಒಣಗಿಸಿ, ಖಾರ ಹಾಕಿ ಕುಟ್ಟಿದ ಅಗಸಿ ಹಿಂಡಿಯ ಜೊತೆ ಬಟ್ಟೆಯಲ್ಲಿ ಕಟ್ಟುತ್ತಾಳೆ. ನಾನು ಅದನ್ನು ಔರಾದಕ್ಕೆ ಒಯ್ದು ಮುಂಜಾನೆಯ ಬಸ್ಸಿನ ಕಂಡಕ್ಟರ್ ಮಕ್ಬೂಲರ ಕೈಗೆ ಕೊಡುತ್ತೇನೆ. ಬೀದರದ ಸ್ಟ್ಯಾಂಡಿನಲ್ಲಿ ಅಣ್ಣ ಇಳಿಸಿಕೊಳ್ಳುತ್ತಾನೆ. ಹಿಂದಿನ ಬುತ್ತಿಯ ಬಟ್ಟೆ ಅದೇ ಬಸ್ಸಿನಲ್ಲಿ ತಿರುಗಿ ಬರುತ್ತದೆ.

ಬುತ್ತಿ ಬಂದ ಬಟ್ಟೆಯನ್ನು ಖಾಲಿ ಕಳಿಸಬಾರದು. ಖಾಲಿ ಕಳಿಸಿದರೆ ಕೊಟ್ಟ ಮನೆ ಬರಿದಾಗುತ್ತದೆ ಎಂದು ಅವ್ವ ಹೇಳುತ್ತಾಳೆ. ಒಂದು ಚೂರು ಬೆಲ್ಲವೋ, ಒಂದು ಹಿಡಿ ಉಪ್ಪೋ, ಏನಾದರೂ ಇರಬೇಕು. ಅಣ್ಣ ಮೊದಮೊದಲು ಸವೆದ ಖಡುವಿನ, ಅಂದರೆ ಸೀಮೆಸುಣ್ಣದ, ತುಂಡುಗಳನ್ನು ಕಟ್ಟುತ್ತಿದ್ದ. ಅವು ನನ್ನ ಪಾಟಿಗೆಂದು. ಆಮೇಲೆ ಆಪಾ ಅವರ ಅಂಗಳದ ಪೇರಲ ಹಣ್ಣು ಬರತೊಡಗಿತು.

ಎಳ್ಳ ಅಮಾವಾಸ್ಯೆ ಕಳೆದ ಮೇಲೆ ಒಂದು ಮುಂಜಾನೆ ಅಣ್ಣ ಹೇಳದೆ ಕೇಳದೆ ರಾತ್ರಿಯೆಲ್ಲ ನಡೆದು ಬಂದುಬಿಟ್ಟ. ಅವ್ವ ಒಲೆಯ ಮುಂದೆ ಅವನ ಬುತ್ತಿಗೇ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಅಂಬಲಿ ಕುಡಿಯುತ್ತಿದ್ದೆ. ಜೋಳ ಕಡಿಮೆಯಿದ್ದುದರಿಂದ ನಾವು ಮೂವರೂ ಅಂಬಲಿ ಕುಡಿದು ರೊಟ್ಟಿಯನ್ನು ಅವನಿಗೆ ಕಳಿಸುತ್ತಿದ್ದೆವು. ಅದು ಅವನಿಗೆ ತಿಳಿಯಬಾರದೆಂದು ಅವ್ವನ ಕಟ್ಟಪ್ಪಣೆ ಇತ್ತು. ನಾನು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅಣ್ಣ ಒಲೆಯ ಮುಂದೆ ಕೈ ಕಾಯಿಸಿಕೊಂಡ. ಬುತ್ತಿ ಕಟ್ಟಿಸಿಕೊಂಡು ಅವತ್ತೇ ತಿರುಗಿ ಹೋದ. ಅವನು ನೋಡಿಲ್ಲ ಎಂದುಕೊಂಡೆ.

ಮುಂದಿನ ಸಲ ಬಟ್ಟೆಯಲ್ಲಿ ಒಂದು ರೊಟ್ಟಿ ಇತ್ತು. ನಾವು ಕಳಿಸಿದ್ದ ರೊಟ್ಟಿಯೇ, ಮುರಿಯದಂತೆ ಜೋಪಾನವಾಗಿ ಕಟ್ಟಿಟ್ಟದ್ದು.

ಅವ್ವನಿಗೆ ಬಹಳ ಸಮಾಧಾನವಾಯಿತು. "ನೋಡು ಜನಾ, ಹೊಟ್ಟಿ ತುಂಬಿ ಮಿಕ್ಕ್ಯಾದ. ಓದೋರು ಕುಂತೇ ಇರ್ತಾರಲ್ಲ, ಹಸಿವು ಕಡಿಮಿ ಇರ್ತದ," ಎಂದಳು. ರೊಟ್ಟಿಯನ್ನು ನನ್ನ ಕೈಗಿಟ್ಟಳು. "ಅಣ್ಣ ಕಳಸ್ಯಾನ, ನೀ ತಿನ್ನು."

ನಾನು ಅಂಬಲಿಯಲ್ಲಿ ಅದ್ದಿ ತಿಂದೆ. ಅದಕ್ಕೆ ಬಸ್ಸಿನ ವಾಸನೆಯೂ ಶಾಯಿಯ ವಾಸನೆಯೂ ಇತ್ತು. ರುಚಿಯಾಗಿತ್ತು.

ಮಿಕ್ಕುವ ರೊಟ್ಟಿ ಸುಮ್ಮನೆ ಹೋಗಿ ಬರುವುದು ಯಾಕೆಂದು ಅವ್ವ ಮುಂದಿನ ಬುತ್ತಿಗೆ ಒಂದು ಕಡಿಮೆ ಕಟ್ಟಿದಳು. ಅದರಿಂದಲೂ ಒಂದು ತಿರುಗಿ ಬಂತು. ಅವ್ವ ಇನ್ನೊಂದು ಕಡಿಮೆ ಮಾಡಿದಳು, ಬಟ್ಟೆಯಲ್ಲಿ ಎರಡು ಬಂದವು. ಹೀಗೆ ಚಳಿಗಾಲವೆಲ್ಲ ನಡೆಯಿತು. ಬಸ್ಸು ಬರುವ ದಿನ ನಾನು ಹೊತ್ತಿಗೆ ಮೊದಲೇ ಹೋಗಿ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೆ. ಅಣ್ಣನ ಸುದ್ದಿಗೆ ಎಂದು ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಆ ರೊಟ್ಟಿಗಾಗಿ ಹೋಗುತ್ತಿದ್ದೆ.

"ಏನ್ ತಂಗಿ, ನಿಮ್ಮಣ್ಣನ ಬುತ್ತಿ ದಿನಾ ದಿನಾ ಹಗರ ಆಗ್ಲಕತ್ತ್ಯಾದ," ಎಂದು ಮಕ್ಬೂಲರು ಗಂಟನ್ನು ಒಂದು ಬೆರಳಿನಲ್ಲಿ ಎತ್ತಿ ಆಡಿಸಿದರು. "ಮದಲ ಇದು ಪ್ಯಾಸೆಂಜರ್ ಇದ್ದಂಗ ಇತ್ತು, ಟಿಕೀಟ್ ಕೊಡಬೇಕಾಗ್ತಿತ್ತು. ಈಗ ಚೀಟಿ ಬರದು ಅಂಚಿಗಿ ಹಾಕಿದ್ರೂ ಹೋಗ್ತದ."

ನಾನು ನಕ್ಕೆ. ಆಗಲೂ ನನಗೆ ತಿಳಿಯಲಿಲ್ಲ. ಕುರಿ ಕಾಯುವವಳು ನಾನು, ಮರಿ ಒಂದು ದಿನ ಹಾಲು ಬಿಟ್ಟರೆ ನನಗೆ ಗೊತ್ತಾಗುತ್ತದೆ.

ಮೊನ್ನೆ ಗುರುವಾರ ಮಕ್ಬೂಲರು ಬಟ್ಟೆ ತರಲಿಲ್ಲ, ಮಾತು ತಂದರು. "ಆಪಾ ಹೇಳಿ ಕಳಸ್ಯಾರ. ಮನ್ಯಾಗಿಂದ ಯಾರರ ಬರ್ರಿ ಅಂದಾರ. ಜೀವಕ್ಕ ಏನೂ ಇಲ್ಲ, ಅಂಜಬ್ಯಾಡ್ರಿ."

ಅಪ್ಪ ಕುರಿಗಳ ಜೊತೆ ದೂರ ಹೋಗಿದ್ದ. ಅವ್ವ ಈಯುವ ಕುರಿಗಳನ್ನು ಬಿಟ್ಟು ಬರುವಂತಿರಲಿಲ್ಲ. ಶುಕ್ರವಾರ ನಾನೇ ಹೋದೆ. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ.

ಅಣ್ಣ ಕಾಲೇಜಿಗೆ ಹೋಗಿದ್ದ. ಆಪಾ ಕೌದಿಯ ಸೂಜಿ ಬದಿಗಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ನೀನೇನ ಬೇಟಿ ಜನಾಬಾಯಿ? ನಿಂದೇ ಮಾತ ಆಡ್ತಾನ ನೋಡ. ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ. ನಿಮ್ಮ ಮನ್ಯಾಗ ಕುರಿಗಿ ಮೇವ ಹಾಕ್ತೀರಿಲ್ಲೋ? ಹುಡುಗಗ ಯಾಕ ಹಾಕಂಗಿಲ್ಲ?"

ಬುಧವಾರ ಅಣ್ಣನ ಪಾಠವಿತ್ತಂತೆ. ತರಬೇತಿಯವರು ನಿಜವಾದ ತರಗತಿಗೆ ಪಾಠ ಮಾಡಿ ತೋರಿಸಬೇಕು, ಹಿರಿಯರು ಹಿಂದೆ ಕುಳಿತು ನೋಡುತ್ತಾರೆ. ಅಣ್ಣ ಹಲಗೆಯ ಮೇಲೆ ಬರೆಯುತ್ತ ಬರೆಯುತ್ತ ಹಾಗೇ ಕುಸಿದು ಬಿದ್ದ. ಹುಡುಗರು ನಕ್ಕರು. ಸೋಮವಾರ ಇನ್ನೊಮ್ಮೆ ಪಾಠ ಮಾಡು, ಆಗದಿದ್ದರೆ ಈ ವರ್ಷ ಹೋಯಿತು ಎಂದು ಹಿರಿಯರು ಹೇಳಿದರು.

"ನಾ ಊಟಕ್ಕ ಕರದ್ರ ಬರಂಗಿಲ್ಲ," ಎಂದರು ಆಪಾ. "'ನೀವೂ ರೊಟ್ಟಿ ಎಣಸೇ ಮಾಡ್ತೀರಿ ಆಪಾ, ನಂಗ ಗೊತ್ತದ,' ಅಂತಾನ. ಹೌದು, ಎಣಸೇ ಮಾಡ್ತೀನಿ. ಎಣಸೋರಿಗಿ ಒಂದ್ ಹೆಚ್ಚಿಗಿ ಎಣಸ್ಲಕ್ಕ ಬರಂಗಿಲ್ಲೇನ?"

ಅಣ್ಣ ಬಂದ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ. ಅಂಗಿ ಅವನ ಮೈಮೇಲೆ ಗೂಟಕ್ಕೆ ಹಾಕಿದಂತೆ ಇತ್ತು. ಆಪಾ ಎದ್ದು ಅಂಗಳಕ್ಕೆ ಹೋದರು.

"ಹಸಿವಿಲ್ಲ ಅಂತ ರೊಟ್ಟಿ ತಿರುಗಿ ಕಳಸ್ತಿದ್ದಿ ಅಂತ ತಿಳದಿದ್ದೇವು ಅಣ್ಣ," ಎಂದೆ.

"ಹಸಿವಿಲ್ಲದೇ ಇರ್ಲಕ್ಕ ನಾ ಏನ್ ಕಲ್ಲೇನ?"

"ಮತ್ತ ಯಾಕ ಕಳಸ್ದಿ?"

"ಬಟ್ಟಿ ಖಾಲಿ ಕಳಸಬಾರದಲ್ಲ. ಪೇರಲ ತೀರಿದ್ವು." ಅವನು ನೆಲ ನೋಡಿದ. "ಅವತ್ತ ನೀ ಬಟ್ಟಲ ಮುಚ್ಚಕೊಂಡಿ. ನಾ ನೋಡೀನಿ. ನಿನ್ನ ಸಾಲಿನೂ ನಾ ತಿಂದೆ, ರೊಟ್ಟಿನೂ ನಾನೇ ತಿನ್ಲೇನ?"

"ಅವು ಎಲ್ಲಾ ನಾನೇ ತಿಂದೀನಿ."

"ತಿನ್ನಲಿ ಅಂತೇ ಕಳಸಿದ್ದು," ಎಂದು ಅವನು ಸ್ವಲ್ಪ ನಕ್ಕ. "ಅವ್ವ ಕಡಿಮಿ ಮಾಡ್ಕೋತ ಹೋದ್ಲು. ಮನ್ಯಾಗ ಜೋಳ ತೀರ್ಲಕತ್ತ್ಯಾದ ಅಂತ ತಿಳಕೊಂಡೆ. ಅದಕ್ಕ ಇನ್ನಾ ಕಳಸ್ದೆ."

ಆಗ ನನಗೆ ಲೆಕ್ಕ ತಿಳಿಯಿತು. ಅವನು ನಮಗಾಗಿ ಉಳಿಸಿದ. ಉಳಿದಿದೆ ಎಂದು ನಾವು ಕಡಿಮೆ ಮಾಡಿದೆವು. ಕಡಿಮೆಯಾಯಿತೆಂದು ಅವನು ಇನ್ನೂ ಉಳಿಸಿದ. ಯಾರೂ ಯಾರನ್ನೂ ಒಂದು ಮಾತು ಕೇಳಲಿಲ್ಲ. ಆ ಬಟ್ಟೆ ಹೋಗುವಾಗಲೂ ಬರುವಾಗಲೂ ನನ್ನ ಕೈಯಲ್ಲೇ ಇತ್ತು.

ಸೋಮವಾರದ ಪಾಠ ಮಾಡುವುದಿಲ್ಲ ಎಂದ ಅಣ್ಣ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಗಂಟು ಮೂಟೆ ಕಟ್ಟಿಕೊಂಡು ಬರುತ್ತಾನಂತೆ, ಅಪ್ಪನ ಜೊತೆ ಕುರಿಗೆ ಹೋಗುತ್ತಾನಂತೆ. ನಾನು ವಾದ ಮಾಡಬೇಕಿತ್ತು. ಸಂಜೆಯ ಬಸ್ಸು ಹತ್ತಿ ಬಂದುಬಿಟ್ಟೆ.

ಮನೆಗೆ ಬಂದು ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ಹಾಗೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಿದಾಗುತ್ತಿದ್ದರೂ ತೆಗೆಯಲಿಲ್ಲ.

"ನನ್ನ ಕೈಯಾರ ಕಡಿಮಿ ಮಾಡೀನಿ," ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಅಂದಳು.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ತಿರುಗಿ ಬಂದಿದ್ದ ಅಪ್ಪ ಕಂಬಳಿ ಬಿಚ್ಚದೆ ಹೊಸ್ತಿಲ ಬಳಿ ಕುಳಿತಿದ್ದ. "ಮರಿಗಿ ಒಂದ್ ಮಲಿ ಬಿಟ್ಟು ಹಾಲ ಕರಿಯೋ ಮಂದಿ ನಾವು," ಎಂದ.

ತಪ್ಪು ಯಾರದು ಎಂದು ನಮ್ಮಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವ್ವ ಮೂಲೆಯ ಜೋಳದ ಚೀಲದ ಮುಂದೆ ಬಹಳ ಹೊತ್ತು ಕುಳಿತಳು. ನಂತರ ನನ್ನನ್ನು ಕರೆದಳು. "ಅದೇ ಜೋಳ ರೊಟ್ಟಿ ಮಾಡಿದ್ರ ನಾಕ ದಿನ, ಅಂಬಲಿ ಮಾಡಿದ್ರ ವಾರ ಬರ್ತದ. ಓದೋ ಮಗನಿಗಿ ಅಂಬಲಿ ಕಳಸ್ಯಾರ ಅಂತ ಮಂದಿ ನಗ್ತಾರ ಅಂದು ನಾ ರೊಟ್ಟೀನೇ ಕಳಸ್ದೆ. ಮಂದಿ ನಗಲಿ. ಇನ್ನ ನಾವೂ ಒಪ್ಪತ್ತ ರೊಟ್ಟಿ, ಒಪ್ಪತ್ತ ಅಂಬಲಿ. ಅವನೂ ಅಷ್ಟೇ. ಎಲ್ಲಾರ ಹೊಟ್ಟಿನೂ ಒಂದೇ."

ಈಗ ಶನಿವಾರ ಮಧ್ಯಾಹ್ನ. ಇದನ್ನು ಬರೆಯುವ ಮುಂಚೆ ಅವ್ವ ನನಗೆ ಒಂದು ಬಿಸಿ ರೊಟ್ಟಿ ಕೊಟ್ಟಳು. ಅರ್ಧ ತಿಂದು ಬರೆಯಲು ಕುಳಿತೆ. ಉಳಿದ ಅರ್ಧ ಇಲ್ಲೇ ಪಾಟಿಯ ಪಕ್ಕದಲ್ಲಿದೆ. ಸಾಮಾನ್ಯ ಮನುಷ್ಯನ ಬಗ್ಗೆ ಬರೆಯಲು ಹೇಳಿದ್ದರು, ನಾನು ರೊಟ್ಟಿಯ ಬಗ್ಗೆಯೇ ಹೆಚ್ಚು ಬರೆದೆನೇನೋ. ಅಣ್ಣನ ಬಗ್ಗೆ ನನಗೆ ಈಗ ಇದಕ್ಕಿಂತ ಬೇರೆ ನೆನಪಾಗುತ್ತಿಲ್ಲ.

ನಾಳೆ ಮುಂಜಾನೆಯ ಬಸ್ಸಿಗೆ ನಾನು ಜೋಳದ ಹಿಟ್ಟು, ನುಚ್ಚು, ಒಂದು ಸಣ್ಣ ಗಡಿಗೆ ತೆಗೆದುಕೊಂಡು ಬೀದರಕ್ಕೆ ಹೋಗುತ್ತೇನೆ. ಅಣ್ಣ ಗಂಟು ಕಟ್ಟುವ ಮೊದಲೇ ಮುಟ್ಟುತ್ತೇನೆ. ಆಪಾ ಅವರ ಒಲೆಯ ಮೇಲೆ ಅಂಬಲಿ ಕಾಯಿಸಿ ಆಪಾ ಅವರಿಗೂ ಕೊಟ್ಟು, ಅಣ್ಣನ ಎದುರಿಗೆ ಕುಳಿತು, ಬಟ್ಟಲು ಮುಚ್ಚಿಕೊಳ್ಳದೆ ನಾನೂ ಕುಡಿಯುತ್ತೇನೆ. ಸೋಮವಾರ ಅವನ ಪಾಠ ಮುಗಿಯುವವರೆಗೆ ಅಲ್ಲೇ ಇರುತ್ತೇನೆ. ತಿರುಗಿ ಬರುವಾಗ ಬುತ್ತಿಯ ಬಟ್ಟೆಯನ್ನು ಖಾಲಿ ತರುತ್ತೇನೆ.